ಕುಡಿಯದವರ ಲಾಡ್ಜುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಡಿತ ಬಿಟ್ಟವರು ಕಟ್ಟಿಕೊಂಡ ಹಳೆಯ ಸೋದರ ಸಂಘಗಳ ಬಗ್ಗೆ ನಾನು ಮಾತು ತೆಗೆದರೆ ಸಾಕು, ಬೇರೆ ಬೇರೆ ಬಾಯಿಂದ ಅವೇ ಪ್ರಶ್ನೆಗಳು ಬರುತ್ತವೆ. ಮದುವೆ ಮನೆಯಲ್ಲಿ ಕೇಳಿದವು, ಪತ್ರದಲ್ಲಿ ಬಂದವು, ಫೋನಿನಲ್ಲಿ ರೇಗಿಸಿದವು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಶುರುವಿಗೆ

ಕುಡಿಯೋದು ಬಿಡೋಕೆ ಸಂಘ ಯಾಕೆ ಬೇಕು? ಮನೇಲೇ ಕೂತು ಬಿಟ್ರೆ ಆಗಲ್ವಾ?

ಆಗುತ್ತಿರಲಿಲ್ಲ. 1830ರ ದಶಕದ ಇಂಗ್ಲೆಂಡಿನ ಒಬ್ಬ ಮಿಲ್ ಕೆಲಸಗಾರನನ್ನು ನೆನೆಸಿಕೊಳ್ಳಿ. ಕಾಯಿಲೆ ಬಿದ್ದರೆ ಕೂಲಿ ಇಲ್ಲ. ಸತ್ತರೆ ಹೂಳುವುದಕ್ಕೂ ದುಡ್ಡಿಲ್ಲ. ಅದಕ್ಕೇ ಜನ ವಂತಿಗೆ ಹಾಕಿ ಒಂದು ನಿಧಿ ಕಟ್ಟಿಕೊಳ್ಳುತ್ತಿದ್ದರು, ನಮ್ಮ ಕಡೆ ಚೀಟಿ ಕಟ್ಟುವ ಹಾಗೆ. ಈ ಕ್ಲಬ್ಬುಗಳ ಸಭೆ ನಡೆಯುತ್ತಿದ್ದದ್ದು ಮಾತ್ರ ಪಬ್ಬಿನ ಮೇಲಿನ ಕೋಣೆಯಲ್ಲಿ. ಪಬ್ ಮಾಲೀಕ ಕೋಣೆಗೆ ಬಾಡಿಗೆ ಕೇಳುತ್ತಿರಲಿಲ್ಲ, ಅದರ ಬದಲು ಬಂದವರೆಲ್ಲ ಕುಡಿಯಲೇಬೇಕು. ಇದಕ್ಕೆ ಅವರು ‘ಒದ್ದೆ ಬಾಡಿಗೆ’ ಅನ್ನುತ್ತಿದ್ದರು. ಅಂದರೆ ನಿಮ್ಮ ಅಂತ್ಯಕ್ರಿಯೆಯ ದುಡ್ಡು ಕೂಡಿಡುವುದಕ್ಕೂ ಬಿಯರ್ ಕುಡಿಯಬೇಕು!

ಮ್ಯಾಂಚೆಸ್ಟರ್ ಪಕ್ಕದ ಸಾಲ್ಫೋರ್ಡಿನಲ್ಲಿ ಕೆಲವರಿಗೆ ಇದು ಸಾಕಾಯಿತು. 1835ರ ಆಗಸ್ಟ್ 25ರಂದು ಪಬ್ಬಿನ ಹಂಗಿಲ್ಲದ ನಿಧಿಯೊಂದನ್ನು ಶುರು ಮಾಡಿದರು. ಹೆಸರು ರೆಕಾಬೈಟ್ಸ್. ಬೈಬಲ್ಲಿನಲ್ಲಿ ರೆಕಾಬನ ವಂಶದವರು ದ್ರಾಕ್ಷಾರಸ ಮುಟ್ಟುವುದಿಲ್ಲ, ಮನೆ ಕಟ್ಟದೆ ಗುಡಾರದಲ್ಲಿ ಇರುತ್ತಾರೆ. ಅದಕ್ಕೇ ಈ ಸಂಘದ ಪ್ರತಿ ಶಾಖೆಗೂ ‘ಗುಡಾರ’ ಅಂತಲೇ ಹೆಸರು.

ಇನ್ನೊಂದು ಕಾರಣವೂ ಇತ್ತು. ಪಬ್ ಬಿಟ್ಟರೆ ಗೆಳೆಯರನ್ನೂ ಬಿಟ್ಟ ಹಾಗೆ. ಕೆಲಸದ ಸುದ್ದಿ, ಪೇಪರು, ಚಳಿಗೆ ಬೆಂಕಿ, ಹಾಡು ಎಲ್ಲ ಅಲ್ಲೇ. ಕುಡಿತ ಬಿಟ್ಟವನು ಸಂಜೆ ಏಳು ಗಂಟೆಗೆ ಎಲ್ಲಿಗೆ ಹೋಗಬೇಕು? ಈ ಸಂಘಗಳು ಕೊಟ್ಟ ಉತ್ತರ ಅಷ್ಟೇ: ಇಲ್ಲಿಗೆ ಬಾ.

ಲಾಡ್ಜ್ ಅಂದ್ರೆ ಬಸ್‌ಸ್ಟ್ಯಾಂಡ್ ಹತ್ರ ಇರುತ್ತಲ್ಲ, ಆ ಲಾಡ್ಜಾ?

ಅಲ್ಲ ಮಾರಾಯ್ರೆ. ಇಲ್ಲಿ ಲಾಡ್ಜ್ ಅಂದರೆ ಸಂಘದ ಊರ ಶಾಖೆ. ಫ್ರೀಮೇಸನ್ನರು ಅನ್ನುವ ಹಳೆಯ ಗುಟ್ಟಿನ ಸೋದರ ಸಂಘದವರಿಂದ ಬಂದ ಮಾತು. ಅಮೆರಿಕದ ‘ಸನ್ಸ್ ಆಫ್ ಟೆಂಪರೆನ್ಸ್’ (ಮದ್ಯವರ್ಜನೆಯ ಗಂಡುಮಕ್ಕಳು) ಅನ್ನುವ ಸಂಘದವರು ಅದನ್ನೇ ‘ಡಿವಿಜನ್’ ಅಂತ ಕರೆದರು.

ಹಾಗೇ ಮುಂದೆ ‘ಸಲೂನ್’ ಅಂತ ಬರುತ್ತದೆ. ಅದು ಕ್ಷೌರದಂಗಡಿ ಅಲ್ಲ, ಅಮೆರಿಕದ ಹೆಂಡದಂಗಡಿ.

ಎಷ್ಟು ಸಂಘ ಇದ್ದವು? ಮುಖ್ಯವಾದವು ಮಾತ್ರ ಹೇಳಿ

ಮೂರು ಗೊತ್ತಿದ್ದರೆ ಸಾಕು. ಮೊದಲನೆಯದು ಇಂಗ್ಲೆಂಡಿನ ರೆಕಾಬೈಟ್ಸ್. ಎರಡನೆಯದು ಸನ್ಸ್ ಆಫ್ ಟೆಂಪರೆನ್ಸ್. 1842ರ ಸೆಪ್ಟೆಂಬರ್ 29ರಂದು ನ್ಯೂಯಾರ್ಕಿನಲ್ಲಿ 16 ಜನ ಗಂಡಸರು ಕೂತು ಕಟ್ಟಿದ್ದು, ಎಂಟೇ ವರ್ಷದಲ್ಲಿ ಸದಸ್ಯರು ಎರಡು ಲಕ್ಷ ದಾಟಿದರು. ಮೂರನೆಯದು ಗುಡ್ ಟೆಂಪ್ಲರ್ಸ್. 1851ರಲ್ಲಿ ನ್ಯೂಯಾರ್ಕ್ ರಾಜ್ಯದ ಯುಟಿಕಾ ಸುತ್ತಮುತ್ತ ಹುಟ್ಟಿತು, ಆಮೇಲೆ ದೇಶ ದೇಶ ಸುತ್ತಿತು. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು, ಜಾಸ್ತಿ ಸಿಟ್ಟು ಬರಿಸುವುದು ಎರಡೂ ಇದೇ.

ಒಳಗೆ ಏನು ಮಾಡ್ತಿದ್ರು? ಅದೇನು ಗುಟ್ಟು ಗುಟ್ಟು?

ಗುಟ್ಟು ಕೇಳಿದರೆ ನಿರಾಸೆ ಆಗುತ್ತದೆ. ಸನ್ಸ್ ಡಿವಿಜನ್ನಿನ ಒಂದು ರಾತ್ರಿ ನೋಡಿ. ಅಂಗಡಿಯ ಮಹಡಿ ಮೇಲೆ ಬಾಡಿಗೆ ಕೋಣೆ. ಬಾಗಿಲ ಹೊರಗೊಬ್ಬ ಕಾವಲು, ಒಳಗೊಬ್ಬ ಕಾವಲು. ಇಬ್ಬರಿಗೂ ಬೇರೆ ಬೇರೆ ಬಿರುದು ಉಂಟು. ಒಳಗೆ ಹೋಗಬೇಕಾದರೆ ಗುಪ್ತಪದ ಹೇಳಬೇಕು, ಅದು ಮೂರು ತಿಂಗಳಿಗೊಮ್ಮೆ ಬದಲು. ವಂತಿಗೆ ಬಾಕಿ ಇಟ್ಟವನಿಗೆ ಹೊಸ ಪದ ಹೇಳುತ್ತಿರಲಿಲ್ಲ. ನನ್ನ ಪ್ರಕಾರ ಗುಟ್ಟಿನ ನಿಜವಾದ ಉಪಯೋಗ ಇದೇ, ಬಾಕಿ ವಸೂಲಿ.

ಒಳಗೆ ಎಲ್ಲರ ಕೊರಳಲ್ಲೂ ಬಿಳಿ ಪಟ್ಟಿ. ಅಧ್ಯಕ್ಷನಿಗೆ ‘ವರ್ದಿ ಪೇಟ್ರಿಯಾರ್ಕ್’ ಅನ್ನುವ ಭಾರಿ ಹೆಸರು, ಬೆಳಿಗ್ಗೆ ಆತ ಬಡಗಿಯೋ ಚಮ್ಮಾರನೋ ಆಗಿರಬಹುದು. ಸುತ್ತಿಗೆ ಬಡಿದು ಸಭೆ ಶುರು. ಕಾಯಿಲೆ ಬಿದ್ದವರು ಯಾರು, ನೋಡಿಕೊಂಡು ಬಂದವರು ಯಾರು, ಯಾರ ಮೇಲೆ ಕುಡಿದ ದೂರು ಬಂದಿದೆ, ಹೊಸಬನನ್ನು ಸೇರಿಸಬೇಕಾ ಬೇಡವಾ. ಹೊಸಬನ ಬಗ್ಗೆ ಬಿಳಿ ಗೋಲಿ, ಕರಿ ಗೋಲಿ ಹಾಕಿ ಓಟು. ಆಮೇಲೆ ಹಾಡು, ಪದ್ಯ, ಚರ್ಚೆ.

ಈಗ ಓದಿದರೆ ನಗು ಬರುತ್ತದೆ, ಅಲ್ವಾ? ನನ್ನ ಅತ್ತೆಯವರ ಸ್ತ್ರೀಶಕ್ತಿ ಸಂಘ ನೋಡಿದ ಮೇಲೆ ನಾನು ನಗುವುದು ಬಿಟ್ಟೆ. ಅಲ್ಲೂ ಹಾಜರಿ ಪುಸ್ತಕ ಇದೆ, ತಪ್ಪಿಸಿದರೆ ಹತ್ತು ರೂಪಾಯಿ ದಂಡ ಇದೆ, ಶುರುವಿಗೆ ಪ್ರಾರ್ಥನೆ ಇದೆ. ಆ ಹತ್ತು ರೂಪಾಯಿಗಾಗಿ ಅಲ್ಲ, ಹೆಸರು ಕೂಗಿದಾಗ ‘ಇದ್ದೀನಿ’ ಅನ್ನೋದಕ್ಕೇ ಅತ್ತೆ ಮಳೆಯಲ್ಲೂ ಹೋಗುತ್ತಾರೆ.

ದುಡ್ಡು ಎಷ್ಟು ಸಿಗ್ತಿತ್ತು? ನಿಜವಾಗ್ಲೂ ಕೊಡ್ತಿದ್ರಾ?

ಸನ್ಸ್ ಸಂಘದಲ್ಲಿ ಶುರುವಿನಲ್ಲಿ ಇದ್ದ ಲೆಕ್ಕ: ಕಾಯಿಲೆ ಬಿದ್ದರೆ ವಾರಕ್ಕೆ 4 ಡಾಲರ್, ಸತ್ತರೆ 30 ಡಾಲರ್. ಆಗ ಕೂಲಿಯವನಿಗೆ ದಿನಕ್ಕೆ ಹೆಚ್ಚುಕಮ್ಮಿ ಒಂದು ಡಾಲರ್. ಹಾಗಾಗಿ ಇದು ಸಣ್ಣ ಮೊತ್ತವಲ್ಲ. ಕೊಡುತ್ತಿದ್ದರು. ಕೊಟ್ಟೂ ಕೊಟ್ಟೂ ಕೆಲವು ಶಾಖೆಗಳು ಬರಿದಾದವು, ಯಾಕೆಂದರೆ ಎಲ್ಲರಿಂದಲೂ ಒಂದೇ ವಂತಿಗೆ ತಗೊಂಡರೆ ಸದಸ್ಯರಿಗೆ ವಯಸ್ಸಾದಂತೆ ಲೆಕ್ಕ ಕೈಕೊಡುತ್ತದೆ.

ಇಲ್ಲಿ ಒಂದು ಕಥೆ ಹೇಳಲೇಬೇಕು. ಲಂಡನ್ನಿನಲ್ಲಿ ರಾಬರ್ಟ್ ವಾರ್ನರ್ ಅನ್ನುವವರು ಜೀವ ವಿಮೆ ಮಾಡಿಸಲು ಹೋದರು. ಕುಡಿಯುವುದಿಲ್ಲ ಅಂದಿದ್ದಕ್ಕೆ ಕಂಪನಿ ಹೆಚ್ಚು ಪ್ರೀಮಿಯಂ ಕೇಳಿತು! ಬಿಯರ್ ಕುಡಿಯದವನು ಬಲಹೀನ, ಬೇಗ ಸಾಯುತ್ತಾನೆ ಅನ್ನುವುದು ಆಗಿನ ನಂಬಿಕೆ. ಸಿಟ್ಟಾದ ವಾರ್ನರ್ 1840ರಲ್ಲಿ ಕುಡಿಯದವರಿಗಾಗಿಯೇ ವಿಮೆ ಸಂಸ್ಥೆ ಕಟ್ಟಿದರು. ಕೆಲವು ವರ್ಷಗಳ ಮೇಲೆ ಕುಡಿಯುವವರನ್ನೂ ಸೇರಿಸಿಕೊಂಡು ಎರಡು ಲೆಕ್ಕ ಬೇರೆ ಬೇರೆ ಇಟ್ಟರು. ಕುಡಿಯದವರ ಕಡೆ ಸಾವು ಕಡಿಮೆ ಬಂತು. ಎಷ್ಟೋ ಭಾಷಣಗಳು ಮಾಡದ ಕೆಲಸವನ್ನು ಆ ಲೆಕ್ಕದ ಪುಸ್ತಕ ಮಾಡಿತು.

## ಸ್ವಲ್ಪ ಒಳಕ್ಕೆ ಹೋದರೆ

ಸೇರ್ತಿದ್ದವರು ಕುಡುಕರಾ, ಇಲ್ಲಾ ಮೊದಲಿಂದಲೂ ಕುಡಿಯದೇ ಇದ್ದ ಒಳ್ಳೆಯವರಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಕಾಫಿ ಕೊಡಿಸುತ್ತೇನೆ.

1840ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ಊರಿನ ಚೇಸ್ ಅನ್ನುವವನ ಹೆಂಡದಂಗಡಿಯಲ್ಲಿ ಆರು ಜನ ಕುಡಿಯುತ್ತಾ ಕೂತಿದ್ದರು. ಹತ್ತಿರದಲ್ಲೇ ಒಂದು ಮದ್ಯವಿರೋಧಿ ಭಾಷಣ ಇತ್ತು. ತಮಾಷೆಗೆ ಕೆಲವರನ್ನು ಕೇಳಿಸಿಕೊಂಡು ಬರಲು ಕಳಿಸಿದರು. ಬಂದವರು ಹೇಳಿದ್ದು ಕೇಳಿ ಚರ್ಚೆಯಾಗಿ, ಕೊನೆಗೆ ಆರೂ ಜನ ಕುಡಿತ ಬಿಡುವ ಆಣೆ ಬರೆದು ಸಹಿ ಹಾಕಿದರು. ಹುಟ್ಟಿದ್ದು ‘ವಾಷಿಂಗ್ಟನಿಯನ್ಸ್’. ಇಲ್ಲಿ ಪಾದ್ರಿಗಳ ಬೋಧನೆ ಇಲ್ಲ. ಕುಡಿದು ಹಾಳಾಗಿದ್ದವನೇ ಎದ್ದು ನಿಂತು ತನ್ನ ಕಥೆ ಹೇಳುತ್ತಿದ್ದ. ಜನ ಮುಗಿಬಿದ್ದರು. 1842ರ ಫೆಬ್ರುವರಿ 22ರಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ಇವರ ಸಭೆಗೆ ಭಾಷಣ ಮಾಡಿದ ಯುವ ವಕೀಲನ ಹೆಸರು ಅಬ್ರಹಾಂ ಲಿಂಕನ್. ಕುಡುಕರನ್ನು ಬೈಯಬೇಡಿ, ಒಲಿಸಿಕೊಳ್ಳಿ ಅನ್ನುವುದು ಅವರ ಮಾತಿನ ಸಾರ.

ಆದರೆ ಹುಲ್ಲಿನ ಬೆಂಕಿ ಅದು. ಇವತ್ತು ಆಣೆ, ನಾಳೆ ಮತ್ತೆ ಅಂಗಡಿ. ಅವರ ಹೆಸರಾಂತ ಮಾತುಗಾರ ಜಾನ್ ಗಾಫ್ 1845ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವು ದಿನ ಕಾಣೆಯಾಗಿ, ಸಿಗಬಾರದ ಮನೆಯಲ್ಲಿ ಕುಡಿದ ಸ್ಥಿತಿಯಲ್ಲಿ ಸಿಕ್ಕರು. ಸೋಡಾದಲ್ಲಿ ಯಾರೋ ಏನೋ ಬೆರೆಸಿದರು ಅಂತ ಹೇಳಿಕೊಂಡರು. ನಂಬುವವರು ನಂಬಿದರು. ಆ ದಶಕ ಮುಗಿಯುವಷ್ಟರಲ್ಲಿ ಸಂಘವೇ ಕರಗಿಹೋಯಿತು.

ಸನ್ಸ್ ಸಂಘದವರು ಇದನ್ನೇ ಕಣ್ಣಾರೆ ನೋಡಿದ್ದರು. ಆಣೆ ಮಾಡಿದವನನ್ನು ಹಿಡಿದಿಡಲು ವಾರದ ಸಭೆ, ವಂತಿಗೆ, ಕೊರಳಪಟ್ಟಿ ತಂದರು. ಹಿಡಿದಿಡುವುದು ಸಾಧ್ಯವಾಯಿತು, ಆದರೆ ಬರುವವರೇ ಬೇರೆಯಾದರು. ವಂತಿಗೆ ತಪ್ಪದೆ ಕಟ್ಟಬಲ್ಲವನು ಸಾಮಾನ್ಯವಾಗಿ ಕಂಠಪೂರ್ತಿ ಕುಡಿಯುವವನಲ್ಲ. ನಿಧಾನಕ್ಕೆ ಲಾಡ್ಜುಗಳ ತುಂಬ ಮೊದಲಿಂದಲೂ ಅಷ್ಟಾಗಿ ಕುಡಿಯದ ಹುಡುಗ ಹುಡುಗಿಯರೇ ತುಂಬಿದರು.

ಹೆಂಗಸರನ್ನ ಸೇರಿಸ್ಕೊಳ್ತಿದ್ರಾ?

ಸನ್ಸ್ ಹೆಸರೇ ಹೇಳುತ್ತದೆ, ಗಂಡುಮಕ್ಕಳದು. ಹೆಂಗಸರಿಗೆ ‘ಡಾಟರ್ಸ್ ಆಫ್ ಟೆಂಪರೆನ್ಸ್’ ಅಂತ ಬೇರೆ ಸಂಘ. 1852ರಲ್ಲಿ ಆಲ್ಬನಿ ಊರಲ್ಲಿ ಸನ್ಸ್ ಸಭೆಗೆ ಡಾಟರ್ಸ್ ಪ್ರತಿನಿಧಿಗಳನ್ನೂ ಕರೆದಿದ್ದರು. ಹಿಂದೆ ಶಾಲಾ ಮೇಡಂ ಆಗಿದ್ದವರೊಬ್ಬರು ಮಾತಾಡಲು ಎದ್ದರು. ಸೋದರಿಯರನ್ನು ಕರೆದದ್ದು ಕೇಳಿ ಕಲಿಯಲು, ಮಾತಾಡಲು ಅಲ್ಲ ಅಂತ ಅಧ್ಯಕ್ಷರು ಕೂರಿಸಲು ನೋಡಿದರು. ಆಕೆ ಕೂರಲಿಲ್ಲ. ಸಭೆಯಿಂದ ಎದ್ದು ಹೋಗಿ ಹೆಂಗಸರದೇ ಸಂಘ ಕಟ್ಟಿದರು. ಸೂಸನ್ ಬಿ. ಆಂಟನಿ ಅವರು. ಮುಂದೆ ಅಮೆರಿಕದ ಹೆಂಗಸರ ಮತದಾನದ ಹೋರಾಟ ಅಂದರೆ ಇವರದೇ ಹೆಸರು.

ಗುಡ್ ಟೆಂಪ್ಲರ್ಸ್ ಬೇರೆ ದಾರಿ ಹಿಡಿದರು. ಹೆಂಗಸರೂ ಸಮಾನ ಸದಸ್ಯರು, ಓಟು ಉಂಟು, ಹುದ್ದೆ ಉಂಟು. ದೇಶದ ಚುನಾವಣೆಯಲ್ಲಿ ಓಟಿಲ್ಲದ ಹೆಂಗಸು ಲಾಡ್ಜಿನಲ್ಲಿ ಓಟು ಹಾಕುತ್ತಿದ್ದಳು. ಸಂಘ ಬೇಗ ಬೆಳೆದದ್ದಕ್ಕೆ ಇದೂ ಒಂದು ಕಾರಣ. ಹುಡುಗ ಹುಡುಗಿ ಹಿರಿಯರ ತಕರಾರಿಲ್ಲದೆ ವಾರಕ್ಕೊಮ್ಮೆ ಭೇಟಿಯಾಗುವ ಜಾಗ ಆಗ ಎಷ್ಟಿದ್ದವು ಹೇಳಿ?

ಸೋದರರು ಅಂತಾರೆ, ಕಪ್ಪು ಜನರಿಗೆ ಜಾಗ ಇತ್ತಾ?

ಸಿಟ್ಟು ಬರುವುದು ಇಲ್ಲಿ. ಸನ್ಸ್ ಸಂಘದ ರಾಷ್ಟ್ರೀಯ ಸಭೆ 1850ರಲ್ಲೇ ಕಪ್ಪು ಜನರನ್ನು ಸೇರಿಸುವುದು ನಿಯಮಕ್ಕೆ ವಿರುದ್ಧ ಅಂದಿತು. ಗುಡ್ ಟೆಂಪ್ಲರ್ಸ್ ಕಾಗದದ ಮೇಲೆ ಎಲ್ಲರೂ ಒಂದೇ ಅನ್ನುತ್ತಿದ್ದರು. ಅಮೆರಿಕದ ಅಂತರ್ಯುದ್ಧ ಮುಗಿದು ದಕ್ಷಿಣದ ರಾಜ್ಯಗಳಲ್ಲಿ ಸಂಘ ಹರಡಿದಾಗ ಅಲ್ಲಿನ ಬಿಳಿಯರು ‘ಅವರ ಜೊತೆ ಕೂರಲ್ಲ’ ಅಂದರು.

1876ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಗುಡ್ ಟೆಂಪ್ಲರುಗಳ ಜಾಗತಿಕ ಸಭೆ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಮಾಲಿನ್ಸ್ ನಾಯಕತ್ವದಲ್ಲಿ ಬ್ರಿಟನ್ನಿನವರು ಕಪ್ಪು ಜನರಿಗೆ ಸೇರುವ ಹಕ್ಕು ಖಚಿತವಾಗಬೇಕು ಅಂತ ಪಟ್ಟು ಹಿಡಿದರು. ಸೋತರು. ಎದ್ದು ಹೊರನಡೆದರು. 11 ವರ್ಷ ಒಂದೇ ಹೆಸರಿನ ಎರಡು ಸಂಘ! 1887ರಲ್ಲಿ ಸಾರಟೋಗಾದಲ್ಲಿ ಒಂದಾದರು, ಆದರೆ ಆ ರಾಜಿಯಲ್ಲಿ ದಕ್ಷಿಣದಲ್ಲಿ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಲಾಡ್ಜು ಇಡುವ ಪದ್ಧತಿ ಹೋಗಲಿಲ್ಲ. ಮರುವರ್ಷ ಕ್ಯಾಥರಿನ್ ಇಂಪಿ ಅನ್ನುವ ಇಂಗ್ಲೆಂಡಿನ ಗುಡ್ ಟೆಂಪ್ಲರ್ ಹೆಂಗಸು ವರ್ಣಭೇದದ ವಿರುದ್ಧ ಒಂದು ಪತ್ರಿಕೆ ಶುರು ಮಾಡಿದರು. ಅದರ ಹೆಸರು ‘ಆಂಟಿ ಕಾಸ್ಟ್’. ಜಾತಿ ವಿರೋಧಿ! ಅಮೆರಿಕದ ಬಣ್ಣದ ರೋಗಕ್ಕೆ ಅವರಿಗೆ ಸಿಕ್ಕ ಸರಿಯಾದ ಹೆಸರು ನಮ್ಮಲ್ಲಿತ್ತು.

ಇನ್ನೊಂದು ಕಡೆ ನೋಡಿ. ಅಲಬಾಮದ ಬಿಳಿ ಗುಡ್ ಟೆಂಪ್ಲರುಗಳು ಕಪ್ಪು ಜನರಿಗೆ ‘ಟ್ರೂ ರಿಫಾರ್ಮರ್ಸ್’ ಅಂತ ಬೇರೆ ಸಂಘ ಮಾಡಿಕೊಟ್ಟು ಕೈತೊಳೆದುಕೊಂಡರು. ಗುಲಾಮನಾಗಿ ಹುಟ್ಟಿದ್ದ ವಿಲಿಯಂ ವಾಷಿಂಗ್ಟನ್ ಬ್ರೌನ್ ಅದರ ಚುಕ್ಕಾಣಿ ಹಿಡಿದರು. ರಿಚ್‌ಮಂಡಿಗೆ ಬಂದು ಅದನ್ನು ವಿಮೆ ಸಂಘವಾಗಿ ಬೆಳೆಸಿದರು. 1888ರಲ್ಲಿ ಬ್ಯಾಂಕಿಗೆ ಪರವಾನಗಿ ಪಡೆದು ಮರುವರ್ಷ ಬಾಗಿಲು ತೆರೆದರು. ಕಪ್ಪು ಜನರೇ ಕಟ್ಟಿ, ಪರವಾನಗಿ ಪಡೆದ ಮೊದಲ ಬ್ಯಾಂಕ್ ಅದು. 1893ರ ಆರ್ಥಿಕ ಕುಸಿತವನ್ನೂ ದಾಟಿತು. ಹೋಟೆಲ್, ಪತ್ರಿಕೆ, ವೃದ್ಧರಿಗೊಂದು ಮನೆ ಎಲ್ಲ ಬಂದವು. 1897ರಲ್ಲಿ ಬ್ರೌನ್ ತೀರಿಕೊಂಡರು. ಆಮೇಲೆ ಕೆಟ್ಟ ಸಾಲ, ಒಳಗಿನವರ ಕಳ್ಳತನ ಸೇರಿ 1910ರಲ್ಲಿ ಬ್ಯಾಂಕ್ ಮುಚ್ಚಿತು.

ಮಕ್ಕಳ ಕೈಲೂ ಆಣೆ ಮಾಡಿಸ್ತಿದ್ರಂತೆ, ಹೌದಾ?

ಹೌದು. 1847ರಲ್ಲಿ ಲೀಡ್ಸ್‌ನಲ್ಲಿ ಹುಟ್ಟಿದ ‘ಬ್ಯಾಂಡ್ ಆಫ್ ಹೋಪ್’ ಇದಕ್ಕೇ ಇದ್ದದ್ದು. ಅಮೆರಿಕದಲ್ಲಿ ‘ಕೆಡೆಟ್ಸ್ ಆಫ್ ಟೆಂಪರೆನ್ಸ್’. ಹ್ಯಾನಿಬಲ್ ಊರಲ್ಲಿ ಮುಂದೆ ಹೆಸರಾಂತ ಲೇಖಕನಾದ ಮಾರ್ಕ್ ಟ್ವೈನ್ ಹುಡುಗನಾಗಿದ್ದಾಗ ಅದಕ್ಕೆ ಸೇರಿದ್ದು ಕೆಂಪು ಪಟ್ಟಿ ಹಾಕಿಕೊಂಡು ಮೆರವಣಿಗೆಯಲ್ಲಿ ನಡೆಯುವ ಆಸೆಗೆ. ಹಬ್ಬದ ಮೆರವಣಿಗೆಗಳು ಮುಗಿಯುತ್ತಲೇ ಬಿಟ್ಟುಬಿಟ್ಟ.

## ಇಳಿದದ್ದು ಹೇಗೆ

ಇಷ್ಟು ದೊಡ್ಡ ಸಂಘಗಳು ಎಲ್ಲಿ ಮಾಯವಾದವು? ಜನ ಮತ್ತೆ ಕುಡಿಯೋಕೆ ಶುರು ಮಾಡಿದ್ರಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಲಾಡ್ಜನ್ನು ನಿಲ್ಲಿಸಿದ್ದು ಬರೀ ಆಣೆಯಲ್ಲ, ಆಣೆಯ ಸುತ್ತ ಇದ್ದ ನಾಲ್ಕಾರು ಕೆಲಸಗಳು. ಕಾಯಿಲೆಗೆ ದುಡ್ಡು, ಸಾವಿಗೆ ದುಡ್ಡು, ಸಂಜೆಗೆ ಜಾಗ, ಮಾತಿಗೆ ಜನ. ಆ ಕೆಲಸಗಳನ್ನು ಒಂದೊಂದಾಗಿ ಬೇರೆಯವರು ಕೊಂಡೊಯ್ದರು.

ಬ್ರಿಟನ್ನಿನಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ನಡೆಯಿತು. 1911ರ ರಾಷ್ಟ್ರೀಯ ವಿಮೆ ಕಾಯ್ದೆ ಕಾಯಿಲೆ ಭತ್ಯೆ ಹಂಚುವ ಕೆಲಸವನ್ನು ರೆಕಾಬೈಟ್ಸ್ ತರಹದ ಸಂಘಗಳ ಮೂಲಕವೇ ಮಾಡಿಸಿತು. ಸಂಖ್ಯೆ ಏರಿತು. ಆದರೆ ಹೊಸಬ ಬರುತ್ತಿದ್ದದ್ದು ಸರ್ಕಾರದ ಭತ್ಯೆಗೆ, ಗುಡಾರದ ಸಭೆಗಲ್ಲ. 1948ರಲ್ಲಿ ಸರ್ಕಾರವೇ ನೇರವಾಗಿ ವಿಮೆ, ಆಸ್ಪತ್ರೆ ಎರಡನ್ನೂ ನಡೆಸಲು ಶುರು ಮಾಡಿತು. ಭತ್ಯೆಗೆ ಬಂದವರು ಹೊರಟರು. ಸಂಜೆಗೆ ಬರುತ್ತಿದ್ದವರು ಅದಕ್ಕೂ ಮೊದಲೇ ಸಿನಿಮಾಕ್ಕೆ ಹೋಗಿದ್ದರು.

ಅಮೆರಿಕದಲ್ಲಿ ಮೊದಲ ಏಟು ಇನ್ನೂ ಬೇಗ ಬಿತ್ತು. 1851ರಲ್ಲಿ ಮೇನ್ ರಾಜ್ಯ ಮದ್ಯ ಮಾರಾಟ ನಿಷೇಧಿಸಿದಾಗ ಎಲ್ಲರ ಗಮನ ಕುಡುಕನಿಂದ ಕಾನೂನಿನ ಕಡೆ ತಿರುಗಿತು. ಅಂತರ್ಯುದ್ಧದಲ್ಲಿ ಸನ್ಸ್ ಡಿವಿಜನ್ನುಗಳ ಗಂಡಸರೆಲ್ಲ ಸೈನ್ಯಕ್ಕೆ ಹೋದರು. ಯುದ್ಧ ಮುಗಿದ ಮೇಲೆ ಗುಡ್ ಟೆಂಪ್ಲರ್ಸ್ ಉಬ್ಬಿ, 1860ರ ದಶಕದ ಕೊನೆಗೆ ಅವರದೇ ಲೆಕ್ಕದಲ್ಲಿ ಐದು ಲಕ್ಷ ದಾಟಿದರು. ಆದರೆ ಅದು ತೂತಿನ ಕೊಡ. ವರ್ಷಕ್ಕೆ ಎಷ್ಟು ಜನ ಒಳಗೆ ಬರುತ್ತಿದ್ದರೋ ಹೆಚ್ಚುಕಮ್ಮಿ ಅಷ್ಟೇ ಜನ ವಂತಿಗೆ ಕಟ್ಟದೆ ಹೊರಗೆ.

ಅಮೆರಿಕದಲ್ಲಿ ಪೂರ್ತಿ ನಿಷೇಧ ಬಂತಲ್ಲ, ಅಂದ್ರೆ ಇವರು ಗೆದ್ದ ಹಾಗಲ್ವಾ?

ಗೆದ್ದದ್ದು ಬೇರೆಯವರು. 1874ರಲ್ಲಿ ಹುಟ್ಟಿದ ಹೆಂಗಸರ ಮದ್ಯವಿರೋಧಿ ಒಕ್ಕೂಟ, 1890ರ ದಶಕದ ಆಂಟಿ ಸಲೂನ್ ಲೀಗ್. ಲೀಗಿಗೆ ಕೊರಳಪಟ್ಟಿ ಬೇಡ, ಗುಪ್ತಪದ ಬೇಡ. ಚರ್ಚುಗಳಿಂದ ದುಡ್ಡು ಎತ್ತಬೇಕು, ಯಾವ ಶಾಸಕ ಹೇಗೆ ಓಟು ಹಾಕಿದ ಅಂತ ನೋಡಬೇಕು, ವಿರುದ್ಧ ಹೋದವನನ್ನು ಸೋಲಿಸಬೇಕು, ಅಷ್ಟೇ. 1920ರಲ್ಲಿ ನಿಷೇಧ ಬಂದಾಗ ಲಾಡ್ಜಿನವರು ಚಪ್ಪಾಳೆ ತಟ್ಟಿದರು. ಮುಂದಿನ ವಾರ ಸಭೆಗೆ ಯಾಕೆ ಬರಬೇಕು ಅನ್ನುವುದಕ್ಕೆ ಉತ್ತರ ಇರಲಿಲ್ಲ. 1933ರ ಡಿಸೆಂಬರ್‌ನಲ್ಲಿ ನಿಷೇಧ ಎದ್ದುಹೋದಾಗ ಉತ್ತರ ಇತ್ತು, ಬರುವವರು ಇರಲಿಲ್ಲ.

ಸ್ವೀಡನ್, ಐಸ್‌ಲ್ಯಾಂಡ್ ಕಡೆ ಯಾಕೆ ಇಷ್ಟು ಗಟ್ಟಿಯಾಗಿ ಬೇರು ಬಿಟ್ಟವು?

ಅಲ್ಲಿ ಲಾಡ್ಜು ಶಾಲೆಯೂ ಆಯಿತು. 1902ರಲ್ಲಿ ಸ್ವೀಡನ್ನಿನ ಲುಂಡ್ ಊರಲ್ಲಿ ಆಸ್ಕರ್ ಓಲ್ಸನ್ ಅನ್ನುವ ಗುಡ್ ಟೆಂಪ್ಲರ್ ‘ಓದುವ ಬಳಗ’ ಶುರು ಮಾಡಿದರು. ಹತ್ತಾರು ಜನ ಸೇರಿ ಪುಸ್ತಕ ತರಿಸುವುದು, ಸರದಿಯಲ್ಲಿ ಓದುವುದು, ಕೂತು ಮಾತಾಡುವುದು, ಆಮೇಲೆ ಆ ಪುಸ್ತಕಗಳಿಂದಲೇ ಲಾಡ್ಜಿಗೊಂದು ಗ್ರಂಥಾಲಯ. ಮೇಷ್ಟ್ರಿಲ್ಲದ ಶಾಲೆ. ಕೂಲಿಕಾರರು ಸಭೆ ನಡೆಸುವುದು, ಲೆಕ್ಕ ಬರೆಯುವುದು ಇಲ್ಲೇ ಕಲಿತು ಸಂಸತ್ತಿಗೆ ಹೋದರು. ಓದುವ ಬಳಗಗಳು ಸ್ವೀಡನ್ನಿನಲ್ಲಿ ಇವತ್ತಿಗೂ ಇವೆ. 1922ರ ಜನಮತದಲ್ಲಿ ಮದ್ಯ ನಿಷೇಧ ಕೂದಲೆಳೆಯಲ್ಲಿ ಸೋತಿತು: ಬೇಕು 49, ಬೇಡ 51 ಶೇಕಡಾ. ಗಂಡಸರ ಹೆಂಗಸರ ಓಟು ಬೇರೆ ಬೇರೆ ಎಣಿಸಿದ್ದರು. ಹೆಂಗಸರಲ್ಲಿ ಹೆಚ್ಚಿನವರು ಬೇಕು ಅಂದಿದ್ದರು. ನಮ್ಮಲ್ಲಿ ಎಣಿಸಿದರೂ ಹಾಗೇ ಬರುತ್ತದೆ ಅಂತ ನನ್ನ ಊಹೆ.

ಐಸ್‌ಲ್ಯಾಂಡ್‌ ಕಥೆ ಇನ್ನೂ ಚೆನ್ನ. 1884ರಲ್ಲಿ ಅಕುರೇರಿ ಊರಲ್ಲಿ ಮೊದಲ ಲಾಡ್ಜ್. 1908ರ ಜನಮತದಲ್ಲಿ ನಿಷೇಧ ಗೆದ್ದು 1915ರಿಂದ ಪೂರ್ತಿ ಜಾರಿ. ಆಗ ಸ್ಪೇನ್, ನಮ್ಮ ವೈನ್ ಕೊಳ್ಳದಿದ್ದರೆ ನಿಮ್ಮ ಉಪ್ಪು ಮೀನು ಬೇಡ ಅಂದಿತು. ಮೀನೇ ಅವರ ಅನ್ನ. 1922ರಲ್ಲಿ ವೈನ್ ಬಂತು, 1935ರಲ್ಲಿ ಬಟ್ಟಿ ಇಳಿಸಿದ ಕಡು ಮದ್ಯವೂ ಬಂತು. ಬಿಯರ್ ಮಾತ್ರ 1989ರ ಮಾರ್ಚ್ 1ರವರೆಗೆ ಬಂದ್! ವೋಡ್ಕಾ ಸಿಗುತ್ತದೆ, ಬಿಯರ್ ಸಿಗುವುದಿಲ್ಲ.

ಆಲ್ಕೊಹಾಲಿಕ್ಸ್ ಅನಾನಿಮಸ್ ಇವರ ಮಗುವಾ?

ಮೊಮ್ಮಗ ಅನ್ನಬಹುದು, ಅದೂ ವಾಷಿಂಗ್ಟನಿಯನ್ನರ ಕಡೆಯಿಂದ. 1935ರಲ್ಲಿ ಓಹಾಯೋದ ಆಕ್ರನ್‌ನಲ್ಲಿ ಶುರುವಾದ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಈ ಗುಂಪೂ ಕುಡುಕನೇ ಕುಡುಕನಿಗೆ ಕಥೆ ಹೇಳುವ ದಾರಿಯನ್ನೇ ಹಿಡಿಯಿತು. ವ್ಯತ್ಯಾಸ ಎಲ್ಲಿ ಅಂದರೆ, ಕಡ್ಡಾಯ ವಂತಿಗೆ ಇಲ್ಲ, ಕಾನೂನಿನ ಜಗಳಕ್ಕೆ ಇಳಿಯುವುದಿಲ್ಲ, ಹೆಸರು ಹೊರಗೆ ಹೇಳುವುದಿಲ್ಲ. ಹೆಸರಾಂತ ಮಾತುಗಾರ ಎಡವಿದರೆ ಇಡೀ ಸಂಘದ ಮಾನ ಹೋಗುವುದಿಲ್ಲ.

ನಮ್ಮ ದೇಶಕ್ಕೆ ಇವು ಬಂದಿದ್ದವಾ? ಕರ್ನಾಟಕದಲ್ಲಿ ಏನಾದ್ರೂ ಇತ್ತಾ?

ಬಂದವು, ಹೆಚ್ಚಾಗಿ ಬಿಳಿ ಸೈನಿಕರ ಜೊತೆ. ದಂಡಿನ ಊರುಗಳಲ್ಲಿ ಸೈನಿಕರ ಕುಡಿತ ದೊಡ್ಡ ತಲೆನೋವು. ಪಾದ್ರಿ ಗ್ರೆಗ್ಸನ್ ಕಟ್ಟಿದ ಸೈನಿಕರ ಮದ್ಯವರ್ಜನ ಸಂಘ ಮೊದಲು ಬಂತು, 1888ರಲ್ಲಿ ಸೇನಾಪತಿ ರಾಬರ್ಟ್ಸ್ ಅಂಥವನ್ನೆಲ್ಲ ಸೇರಿಸಿ ಆರ್ಮಿ ಟೆಂಪರೆನ್ಸ್ ಅಸೋಸಿಯೇಷನ್ ಮಾಡಿದರು. ಬಂಗಾಳದಲ್ಲಿ ಪ್ಯಾರಿಚರಣ ಸರ್ಕಾರ್ 1863ರಲ್ಲೇ ಮದ್ಯವಿರೋಧಿ ಸಂಘ ಕಟ್ಟಿದ್ದರು. 1888ರಲ್ಲೇ ಲಂಡನ್ನಿನಲ್ಲಿ ಬ್ರಿಟಿಷ್ ಸಂಸದ ಡಬ್ಲ್ಯು. ಎಸ್. ಕೇನ್ ಮುಂತಾದವರು ಭಾರತಕ್ಕೆಂದು ಇನ್ನೊಂದು ಸಂಘ ಮಾಡಿ, ಅಬಕಾರಿ ಆದಾಯಕ್ಕಾಗಿ ಸರ್ಕಾರವೇ ಜನರಿಗೆ ಕುಡಿಸುತ್ತಿದೆ ಅಂತ ಜಗಳ ತೆಗೆದರು.

ಕೊರಳಪಟ್ಟಿಯ ಲಾಡ್ಜು ನಮ್ಮ ಜನರೊಳಗೆ ಬೇರು ಬಿಡಲಿಲ್ಲ. ಕಾಯಿಲೆ ಸಾವಿಗೆ ಆಗುವ ಜನ ಜಾತಿಯಲ್ಲೇ, ಕೇರಿಯಲ್ಲೇ ಇದ್ದರು, ಆಣೆಯೂ ಕುಲದ ಪಂಚಾಯ್ತಿಯಲ್ಲೇ ಆಗುತ್ತಿತ್ತು. ಹೋಲಿಕೆ ಬೇಕಿದ್ದರೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ನೋಡಿ. ಶಿಬಿರ ಮುಗಿಸಿದವರಿಗೆ ಊರಲ್ಲಿ ‘ನವಜೀವನ ಸಮಿತಿ’ ಇರುತ್ತದೆ. ಆಣೆ ಒಂದು ದಿನದ್ದು, ಸಭೆ ಮಾತ್ರ ಮುಂದುವರಿಯಬೇಕು ಅನ್ನುವ ಸನ್ಸ್ ಸಂಘದ ಲೆಕ್ಕವೇ ಇಲ್ಲೂ ಕಾಣುತ್ತದೆ.

ಈಗ ಯಾರಾದ್ರೂ ಉಳಿದಿದ್ದಾರಾ?

ಗುಡ್ ಟೆಂಪ್ಲರ್ಸ್ ಇದ್ದಾರೆ. 2020ರಿಂದ ಹೆಸರು ಮೊವೆಂಡಿ ಇಂಟರ್‌ನ್ಯಾಷನಲ್, ಕಚೇರಿ ಸ್ಟಾಕ್‌ಹೋಮ್. ಬ್ರಿಟನ್ನಿನ ರೆಕಾಬೈಟ್ಸ್ ಹೆಸರು ಬದಲಿಸಿ ಉಳಿತಾಯ ಯೋಜನೆ ಮಾರುವ ಸಂಸ್ಥೆಯಾದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 1924ರ ರೆಕಾಬೈಟ್ ಭವನ 2019ರಿಂದ ಅದೇ ಹೆಸರಿನ ಬಾರ್ ಆಗಿದೆ. ಇಂಗ್ಲೆಂಡಿನ ರಾಟೆನ್‌ಸ್ಟಾಲ್‌ನಲ್ಲಿ ಮದ್ಯವಿಲ್ಲದ ಹಳೆಯ ಬಾರ್ ಇನ್ನೂ ಇದೆ, ಸಾರ್ಸಪರಿಲಾ ಶರಬತ್ತಿಗೆ ಹೆಸರುವಾಸಿ. ನಮ್ಮ ನನ್ನಾರಿಗೂ ಇಂಗ್ಲಿಷಿನಲ್ಲಿ ಇಂಡಿಯನ್ ಸಾರ್ಸಪರಿಲಾ ಅಂತಲೇ ಹೆಸರು, ಗಿಡ ಮಾತ್ರ ಬೇರೆ.

ನಮ್ಮ ಮುತ್ತಜ್ಜನ ಪೆಟ್ಟಿಗೇಲಿ ಎ.ಟಿ.ಎ. ಅಂತ ಬರೆದ ಪದಕ ಸಿಕ್ತು. ಅವರಿಗೆ ಯುದ್ಧದಲ್ಲಿ ಕೊಟ್ಟಿದ್ದಾ? ಮಾರಿದ್ರೆ ಲಕ್ಷ ಬರುತ್ತಾ?

ಯುದ್ಧದ್ದಲ್ಲ. ಮೇಲೆ ಹೇಳಿದ ಆರ್ಮಿ ಟೆಂಪರೆನ್ಸ್ ಅಸೋಸಿಯೇಷನ್ನಿನದು. ಇಷ್ಟು ತಿಂಗಳು, ಇಷ್ಟು ವರ್ಷ ಕುಡಿಯದೆ ಇದ್ದ ಸೈನಿಕನಿಗೆ ಕೊಡುತ್ತಿದ್ದರು, ಆರು ತಿಂಗಳಿಗೂ ಒಂದಿತ್ತು. ‘ಎಚ್ಚರವಾಗಿರು, ಅಮಲಿಲ್ಲದೆ ಇರು’ ಅನ್ನುವ ಅರ್ಥದ ಇಂಗ್ಲಿಷ್ ಮಾತು ಇದೆಯಾ ನೋಡಿ. ಬಿಳಿ ಸೈನಿಕರದೇ ಜಾಸ್ತಿ, ಹಾಗಾಗಿ ನಿಮ್ಮ ಮುತ್ತಜ್ಜ ಯಾರದೋ ಕೈಯಿಂದ ಕೊಂಡಿರಲೂಬಹುದು, ಯಾರೋ ಕುಡಿತಕ್ಕೆ ದುಡ್ಡಿಲ್ಲದೆ ಅಡ ಇಟ್ಟಿರಲೂಬಹುದು. ಲಕ್ಷ ಎಲ್ಲ ಬರುವುದಿಲ್ಲ, ಸಾವಿರಾರು ಜನಕ್ಕೆ ಹಂಚಿದ್ದವು. ಬೆಳ್ಳಿಯದಾಗಿದ್ದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ.